ತೊಡೆಸಂದಿಯಲ್ಲಿ ಜಾಗ ಬದಲಿಸುವ ದದ್ದು, ಜೊತೆಗೆ ಹೊಸ ಶುಗರ್: ಮೇದೋಜೀರಕದ ಗಡ್ಡೆ ಹುಡುಕಬೇಕೇ?

ಪಿಎಚ್‌ಸಿ ವೈದ್ಯೆ, ಮಾನ್ವಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಚರ್ಮ ಮತ್ತು ಹೊಟ್ಟೆ ಎರಡೂ ವಿಭಾಗದವರ ಅಭಿಪ್ರಾಯ ಬೇಕಿದೆ.

54 ವರ್ಷದ ಹೆಣ್ಣುಮಗಳು, ಭತ್ತದ ನಾಟಿ ಕೂಲಿ. ಎಂಟು ತಿಂಗಳಿಂದ ತೊಡೆಸಂದಿ, ಕೆಳಹೊಟ್ಟೆ, ಕುಂಡಿಯ ಮೇಲೆ ಕೆಂಪು ದದ್ದು. ಅಂಚು ಹರಡುತ್ತಾ ಹೋಗುತ್ತದೆ, ನಡುವೆ ಸಿಪ್ಪೆ ಎದ್ದು ಕಂದು ಕಲೆ ಉಳಿಸಿ ಮಾಯುತ್ತದೆ, ಹತ್ತು-ಹನ್ನೆರಡು ದಿನಕ್ಕೆ ಪಕ್ಕದಲ್ಲೇ ಹೊಸದು ಶುರು. ತುರಿಕೆಗಿಂತ ಉರಿ ಜಾಸ್ತಿ. ಈಗ ಬಾಯಿಯ ಸುತ್ತಲೂ ಬಂದಿದೆ. ನಾಲಿಗೆ ಕೆಂಪಗೆ ನುಣ್ಣಗಾಗಿದೆ, ಬಾಯಿಯ ಮೂಲೆಗಳು ಸೀಳಿವೆ.

ಗಜಕರ್ಣ ಅಂತ ಮೊದಲು ಮೆಡಿಕಲ್ ಶಾಪಿನ ಕ್ಲೊಬೆಟಾಸೋಲ್ (ಬಲವಾದ ಸ್ಟೆರಾಯ್ಡ್) ಮಿಶ್ರಣದ ಕ್ರೀಮ್ ಹಚ್ಚಿದ್ದಾರೆ. ಆಮೇಲೆ ಬೇರೆ ಕಡೆ ಶಿಲೀಂಧ್ರದ ಮಾತ್ರೆ ಇಟ್ರಾಕೊನಜೋಲ್ 100 ಮಿ.ಗ್ರಾಂ ದಿನಕ್ಕೆ ಎರಡು, ಆರು ವಾರ. ಫಲ ಇಲ್ಲ. ಕೆಒಎಚ್ (ಚರ್ಮ ಕೆರೆದು ಶಿಲೀಂಧ್ರ ನೋಡುವ ಪರೀಕ್ಷೆ) ಎರಡು ಸಲ ನೆಗೆಟಿವ್. ತೂಕ 58ರಿಂದ 47 ಕೆ.ಜಿ.ಗೆ ಇಳಿದಿದೆ. ಹಿಮೋಗ್ಲೋಬಿನ್ 9.2, ಎಂಸಿವಿ (ಕೆಂಪು ರಕ್ತಕಣದ ಗಾತ್ರ) 86. ಹಿಂದೆ ಶುಗರ್ ಇರಲಿಲ್ಲ, ಈಗ ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ) 7.8. ಸತುವಿನ 20 ಮಿ.ಗ್ರಾಂ ಮಾತ್ರೆ ಎರಡು ವಾರ ಕೊಟ್ಟಾಗ ಸ್ವಲ್ಪ ಇಳಿದು ಮತ್ತೆ ಎದ್ದಿತು. ಊಟ ಮೂರು ಹೊತ್ತೂ ಜೋಳದ ರೊಟ್ಟಿ, ಹಾಗಾಗಿ ಪೆಲ್ಲಾಗ್ರಾ (ನಿಯಾಸಿನ್ ವಿಟಮಿನ್ ಕೊರತೆಯ ರೋಗ) ಕೂಡ ತಲೆಯಲ್ಲಿದೆ. ಅಲ್ಟ್ರಾಸೌಂಡ್‌ನಲ್ಲಿ ಮೇದೋಜೀರಕದ ತಲೆ ಭಾಗ ಸರಿ ಇದೆ, ಬಾಲದ ಭಾಗ ಗ್ಯಾಸ್‌ನಿಂದ ಕಾಣಲಿಲ್ಲ ಎಂದು ಬರೆದಿದ್ದಾರೆ.

ಗ್ಲುಕಗೊನೋಮಾ (ಗ್ಲುಕಗಾನ್ ಹಾರ್ಮೋನು ಸುರಿಸುವ ಮೇದೋಜೀರಕದ ಗಡ್ಡೆ) ಎಂದು ಅನುಮಾನಿಸಲು ಇಷ್ಟು ಸಾಕೇ? ಸಾಕು ಎಂದಾದರೆ ಯಾವ ಪರೀಕ್ಷೆ ಯಾವ ಕ್ರಮದಲ್ಲಿ, ಸ್ಯಾಂಪಲ್ ತೆಗೆಯುವಾಗ ಏನು ಎಚ್ಚರ ವಹಿಸಬೇಕು?

ಚರ್ಮರೋಗ, ಬಳ್ಳಾರಿ

ಮೇಡಂ, ಸಾಕು. ಈ ದದ್ದಿನ ನಡೆಯನ್ನು ನೀವು ಬರೆದ ರೀತಿಯೇ ಅರ್ಧ ರೋಗನಿರ್ಣಯ. ಇದಕ್ಕೆ ನೆಕ್ರೊಲೈಟಿಕ್ ಮೈಗ್ರೇಟರಿ ಎರಿಥಿಮಾ ಎನ್ನುತ್ತಾರೆ. ಮೊದಲು ಕೆಂಪು, ಅದರ ನಡುವೆ ಬೇಗ ಒಡೆಯುವ ತೆಳು ನೀರುಗುಳ್ಳೆ, ಆಮೇಲೆ ಹಸಿ ಸುಲಿತ, ಹಕ್ಕಳೆ, ಕೊನೆಗೆ ಕಂಚಿನ ಬಣ್ಣದ ಕಲೆ. ಒಂದು ಸುತ್ತು ಮುಗಿಯಲು ಸಾಮಾನ್ಯವಾಗಿ 7ರಿಂದ 14 ದಿನ. ಈ ಎಲ್ಲ ಹಂತಗಳೂ ಒಂದೇ ಸಲಕ್ಕೆ ಒಂದೇ ಮೈಮೇಲೆ ಸಿಗುತ್ತವೆ. ಬಟ್ಟೆ ಉಜ್ಜುವ, ಬೆವರುವ, ಒತ್ತಡ ಬೀಳುವ ಜಾಗಗಳನ್ನೇ ಆರಿಸಿಕೊಳ್ಳುತ್ತದೆ. ಸೊಂಟದ ಸುತ್ತ ಸೀರೆಯ ಲಂಗದ ಲಾಡಿ ಕಟ್ಟುವ ಗೆರೆಯಲ್ಲಿ ಇದೆಯೇ ನೋಡಿ.

ಇದು ಯಾಕೆ ಬರುತ್ತದೆ ಎಂದರೆ, ಮೇದೋಜೀರಕದ ಆಲ್ಫಾ ಕೋಶಗಳ ಗಡ್ಡೆ ಮಿತಿಯಿಲ್ಲದೆ ಗ್ಲುಕಗಾನ್ ಸುರಿಸುತ್ತದೆ. ಅದರ ಹೊಡೆತಕ್ಕೆ ಯಕೃತ್ತು ರಕ್ತದಲ್ಲಿನ ಅಮೈನೋ ಆಮ್ಲಗಳನ್ನು ಎಳೆದುಕೊಂಡು ಸಕ್ಕರೆ ಮಾಡುತ್ತಲೇ ಇರುತ್ತದೆ. ಶುಗರ್ ಏರುವುದು, ಮೈ ಕರಗುವುದು, ಚರ್ಮದ ಮೇಲ್ಪದರ ಪೋಷಣೆ ಇಲ್ಲದೆ ಸಾಯುವುದು, ಮೂರಕ್ಕೂ ಬೇರು ಒಂದೇ. ಜೊತೆಗೆ ಸತುವೂ ಕೊಬ್ಬಿನಾಮ್ಲಗಳೂ ಕಡಿಮೆಯಾಗುತ್ತವೆ. ಆದ್ದರಿಂದ ಸತುವಿನ ಮಾತ್ರೆಗೆ ದದ್ದು ಸ್ವಲ್ಪ ಇಳಿಯಿತು ಎಂದು ಗಡ್ಡೆ ಇಲ್ಲ ಎಂದುಕೊಳ್ಳಬಾರದು. ಎಷ್ಟೋ ತಿಂಗಳು ಕಳೆದುಹೋಗುವುದು ಇದೇ ತಿರುವಿನಲ್ಲಿ.

ಚರ್ಮದ ದದ್ದಿಗೂ ಮೇದೋಜೀರಕದ ಗಡ್ಡೆಗೂ ಇರುವ ನಂಟನ್ನು ಬೆಕರ್ ಮತ್ತು ಸಂಗಡಿಗರು 1942ರಲ್ಲೇ ಬರೆದಿದ್ದರು. ದದ್ದು, ಶುಗರ್, ನಾಲಿಗೆ ಉರಿ, ರಕ್ತಹೀನತೆ, ತೂಕ ಇಳಿತ ಇವೆಲ್ಲ ಒಂದೇ ರೋಗದ ಮುಖಗಳು ಎಂದು ಮ್ಯಾಲಿನ್‌ಸನ್ ತಂಡ 1974ರಲ್ಲಿ ಒಂಬತ್ತು ರೋಗಿಗಳನ್ನಿಟ್ಟು ತೋರಿಸಿತು. ನಿಮ್ಮ ರೋಗಿಯಲ್ಲಿ ಆ ಐದೂ ಇವೆ.

ಪೆಲ್ಲಾಗ್ರಾ ವಿಚಾರ. ನಮ್ಮ ಜೋಳದ ಸೀಮೆಯಲ್ಲಿ ಅದನ್ನು ಯೋಚಿಸಿದ್ದು ಸರಿ. ಜೋಳದಲ್ಲಿನ ಲ್ಯೂಸಿನ್‌ಗೂ ಪೆಲ್ಲಾಗ್ರಾಕ್ಕೂ ಸಂಬಂಧವಿದೆ ಎಂಬ ವಾದವನ್ನು ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಮುಂದಿಟ್ಟದ್ದು ದಖ್ಖನ್ನಿನ ಜೋಳ ಉಣ್ಣುವ ಮಂದಿಯನ್ನು ನೋಡಿಯೇ. ಆದರೆ ಪೆಲ್ಲಾಗ್ರಾ ಬಿಸಿಲಿನ ರೋಗ: ಮುಂಗೈ ಮೇಲ್ಭಾಗ, ಕೊರಳಿನ ಸುತ್ತ ಪಟ್ಟಿ, ಪಾದದ ಮೇಲ್ಭಾಗ, ಎರಡೂ ಬದಿ ಸಮ, ಗೆರೆ ಎಳೆದಂತೆ ಅಂಚು. ರವಿಕೆಯ ತೋಳು ಮುಗಿಯುವಲ್ಲಿ ಅದೂ ಶುರುವಾಗುತ್ತದೆ. ನಾಟಿ ಕೆಲಸದವರಿಗೆ ಕೈ, ಕೊರಳು ಸ್ವಚ್ಛವಿದ್ದು ಸೀರೆಯ ಒಳಗೆ ಮತ್ತು ಬಾಯಿಯ ಸುತ್ತ ಮಾತ್ರ ದದ್ದು ಎಂದರೆ ಪೆಲ್ಲಾಗ್ರಾ ಮುಖ್ಯ ಕಾರಣ ಆಗಿರಲಾರದು. ಪರೀಕ್ಷೆಗಾಗಿ ನಿಕೋಟಿನಮೈಡ್ 100 ಮಿ.ಗ್ರಾಂ ದಿನಕ್ಕೆ ಮೂರು ಸಲ ಕೊಡಿ. ನಿಜವಾದ ಪೆಲ್ಲಾಗ್ರಾ ಆಗಿದ್ದರೆ ನಾಲಿಗೆಯ ಉರಿ ಎರಡು-ಮೂರು ದಿನದಲ್ಲೇ ತಗ್ಗುತ್ತದೆ. ಇದಕ್ಕಾಗಿ ಉಳಿದ ಪರೀಕ್ಷೆಗಳನ್ನು ಮಾತ್ರ ಮುಂದೂಡಬೇಡಿ.

ಬರೀ ಸತುವಿನ ಕೊರತೆ ಆಗಿದ್ದರೆ ಬಾಯಿ, ಗುದದ ಸುತ್ತ ಮತ್ತು ಬೆರಳುಗಳಲ್ಲಿ ದದ್ದು ಹೆಚ್ಚು, ಕೂದಲು ಉದುರುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಸಾಮಾನ್ಯಕ್ಕಿಂತ ಕೆಳಗಿರುತ್ತದೆ. ಈ ಕಿಣ್ವ ಸತುವಿಲ್ಲದೆ ಕೆಲಸ ಮಾಡದು, ಹಾಗಾಗಿ ಅಗ್ಗದ ಒಳ್ಳೆಯ ಸುಳಿವು. ಚರ್ಮ ಸುಲಿಯುವ ಗುಳ್ಳೆರೋಗವಾದ ಪೆಂಫಿಗಸ್ ಫೋಲಿಯೇಸಿಯಸ್ ಎದೆ, ಬೆನ್ನು, ತಲೆಯಲ್ಲಿ ಶುರುವಾಗುವುದು ಹೆಚ್ಚು. ಹೆಪಟೈಟಿಸ್ ಸಿ ಒಮ್ಮೆ ಮಾಡಿಸಿ. ಅದರಲ್ಲಿ ಪಾದದ ಮೇಲೆ ಇಂಥದ್ದೇ ದದ್ದು ಬರುತ್ತದೆ. ಸಿರೋಸಿಸ್ ಇದ್ದವರಲ್ಲಿ ಗಡ್ಡೆಯಿಲ್ಲದೆಯೂ ಹೀಗಾಗಬಹುದು, ಆದ್ದರಿಂದ ಯಕೃತ್ತಿನ ಪರೀಕ್ಷೆಗಳೂ ಬೇಕು.

ಇನ್ನು ಬಯಾಪ್ಸಿ. ತಪ್ಪಾಗುವುದು ಜಾಗ ಆರಿಸುವುದರಲ್ಲಿ. ಒಂದೆರಡು ದಿನದೊಳಗೆ ಹುಟ್ಟಿದ ದದ್ದಿನ ಹರಡುವ ಅಂಚಿನಿಂದ ತೆಗೆಯಿರಿ. ಹಕ್ಕಳೆ ಕಟ್ಟಿದ ನಡುಭಾಗ ಬೇಡ, ಸ್ಟೆರಾಯ್ಡ್ ಹಚ್ಚಿದ ಜಾಗ ಬೇಡ. ಲಿಗ್ನೊಕೇನ್ 2 ಶೇಕಡ ಕೊಟ್ಟು 4 ಮಿ.ಮೀ. ಪಂಚ್‌ನಿಂದ ಎರಡು ತುಂಡು, ಸಾಧ್ಯವಾದರೆ ಬೇರೆ ಬೇರೆ ಜಾಗದಿಂದ. ಹೊಟ್ಟೆಯ ಮೇಲಿನದು ಸಿಕ್ಕರೆ ತೊಡೆಸಂದಿ ಮುಟ್ಟಬೇಡಿ, ಅಲ್ಲಿ ಗಾಯ ಬೇಗ ಕೀವಾಗುತ್ತದೆ. ಮೂರನೆಯದು ಇಮ್ಯುನೋಫ್ಲೋರೆಸೆನ್ಸ್‌ಗೆ (ಪೆಂಫಿಗಸ್‌ನಂಥ ರೋಗದ ಪ್ರತಿಕಾಯ ಹುಡುಕುವ ಪರೀಕ್ಷೆ), ದದ್ದಿನ ಪಕ್ಕದ ಸರಿಯಿರುವ ಚರ್ಮದಿಂದ.

ಪೆಥಾಲಜಿ, ರಾಯಚೂರು

ಮೇಲಿನವರು ಹೇಳಿದ್ದಕ್ಕೆ ಲ್ಯಾಬ್ ಕಡೆಯಿಂದ ನಾಲ್ಕು ಮಾತು ಸೇರಿಸ್ತೀನ್ರಿ.

ಫಾರ್ಮಲಿನ್ 10 ಶೇಕಡ, ತುಂಡಿನ ಗಾತ್ರಕ್ಕಿಂತ ಕನಿಷ್ಠ ಹತ್ತು ಪಟ್ಟು. ಇಮ್ಯುನೋಫ್ಲೋರೆಸೆನ್ಸ್ ತುಂಡನ್ನ ಫಾರ್ಮಲಿನ್‌ನಾಗ ಹಾಕಿದ್ರೆ ಅದು ಕೆಟ್ಟಂಗ. ಮಿಷೆಲ್ ದ್ರಾವಣ ಇಲ್ಲಾಂದ್ರ ನಾರ್ಮಲ್ ಸಲೈನ್‌ನಾಗ ಹಾಕಿ 24 ತಾಸಿನೊಳಗ ಮುಟ್ಟಿಸ್ರಿ. ಎರಡು ಡಬ್ಬಿಗೂ ಬೇರೆ ಬೇರೆ ಲೇಬಲ್ ಇರಲಿ, ಫಾರ್ಮ್ ಮ್ಯಾಲೆ "ಗ್ಲುಕಗೊನೋಮಾ ಅನುಮಾನ, ಶುಗರ್, ತೂಕ ಇಳಿತ" ಅಂತ ಬರೀರಿ. ಬರೀ "ದದ್ದು" ಅಂತ ಬಂದ್ರೆ ಸ್ಲೈಡ್ ನೋಡೋರಿಗೆ ದಾರಿ ಗೊತ್ತಾಗೋದಿಲ್ಲ.

ನಾವು ಹುಡುಕೋದು ಇದು: ಎಪಿಡರ್ಮಿಸ್‌ನ ಮೇಲಿನ ಅರ್ಧದಾಗ ಕೋಶಗಳು ಉಬ್ಬಿ ಬೆಳ್ಳಗಾಗಿ ಸತ್ತಿರ್ತಾವ, ಕೆಳಗಿನ ಪದರ ಸುಮಾರಾಗಿ ಚೆಂದ ಇರ್ತದ. ಹಳೇ ದದ್ದಿನಾಗ ಇದು ಕಾಣೋದಿಲ್ಲ, "ಸೋರಿಯಾಸಿಸ್ ತರಹದ ಡರ್ಮಟೈಟಿಸ್" ಅಂತ ರಿಪೋರ್ಟ್ ಬರ್ತದ. ಹಂಗ ಬಂದ್ರೆ ಅಲ್ಲಿಗೆ ಬಿಡಬ್ಯಾಡ್ರಿ, ಹೊಸ ದದ್ದು ಎದ್ದಾಗ ಮತ್ತೊಮ್ಮೆ ತೆಗೀರಿ. ಇನ್ನೊಂದು, ಪೆಲ್ಲಾಗ್ರಾ, ಸತುವಿನ ಕೊರತೆ, ಇದು, ಮೂರೂ ಮೈಕ್ರೋಸ್ಕೋಪಿನಡಿ ಬಹಳ ಹೋಲ್ತಾವ. ಬಯಾಪ್ಸಿಯಿಂದ ಗುಂಪು ಗೊತ್ತಾಗ್ತದ, ಗಡ್ಡೆ ಐತೋ ಇಲ್ಲೋ ಅನ್ನೋದು ರಕ್ತ ಮತ್ತ ಸಿಟಿಯಿಂದಾನೇ ಗೊತ್ತಾಗಬೇಕು.

ಕೆಒಎಚ್ ಬಗ್ಗೆ. ಅಂಚನ್ನ ಕೆರೆದು ತೆಗೀಬೇಕು, 10 ಶೇಕಡ ದ್ರಾವಣದಾಗ 10-15 ನಿಮಿಷ ಬಿಡಬೇಕು. ಆಂಟಿಫಂಗಲ್ ನಡದಿದ್ದಾಗ ನೆಗೆಟಿವ್ ಬಂದ್ರೆ ಅದಕ್ಕ ಬೆಲೆ ಇಲ್ಲ. ಇದರ ತಿರುಗು ಮಾತು ಇನ್ನೂ ಮುಖ್ಯ: ಇಂಥ ಹಸಿ ದದ್ದಿನ ಮ್ಯಾಲೆ ಕ್ಯಾಂಡಿಡಾ ಬಂದು ಕೂಡ್ತದ. ಮೊಗ್ಗಿನಂಥ ಯೀಸ್ಟ್ ಕಂಡ್ರೆ ಅದು ಆಮೇಲೆ ಬಂದ ಅತಿಥಿ ಅಂತ ತಿಳೀರಿ. ಉದ್ದನೆಯ ಕವಲೊಡೆದ ಎಳೆಗಳು ಕಂಡ್ರೆ ಮಾತ್ರ ಗಜಕರ್ಣ.

ಈಗ ಗ್ಲುಕಗಾನ್. ಈ ಹಾರ್ಮೋನು ಟ್ಯೂಬಿನಾಗ ಬಹಳ ಬೇಗ ಹಾಳಾಗ್ತದ. ರಾತ್ರಿ ಊಟ ಆಗಿ 8ರಿಂದ 10 ತಾಸು ಖಾಲಿ ಹೊಟ್ಟೆ. ಅದಕ್ಕಿಂತ ಬಹಳ ಉಪವಾಸ ಬ್ಯಾಡ, ಉಪವಾಸವೇ ಗ್ಲುಕಗಾನ್ ಏರಿಸ್ತದ. ಶುಗರ್ ಇಳಿದಾಗ ತೆಗೆದ್ರೂ ಅದೇ ಕತೆ, ಹಂಗಾಗಿ ಅದೇ ಹೊತ್ತಿಗೆ ಗ್ಲೂಕೋಸ್ ನೋಡಿ ಬರದಿಡ್ರಿ. ಇಡಿಟಿಎ ಟ್ಯೂಬ್, ಲ್ಯಾಬ್ ಕೇಳಿದ್ರೆ ಅಪ್ರೋಟಿನಿನ್ ಹಾಕಿದ್ದು. ಟ್ಯೂಬನ್ನ ಮೊದಲೇ ಐಸಿನಾಗ ತಂಪು ಮಾಡಿರಬೇಕು, ರಕ್ತ ತೆಗೆದ ಕೂಡ್ಲೇ ಐಸಿಗೆ, ತಂಪು ಸೆಂಟ್ರಿಫ್ಯೂಜಿನಾಗ ಪ್ಲಾಸ್ಮಾ ಬೇರೆ ಮಾಡಿ ಹೆಪ್ಪುಗಟ್ಟಿಸಬೇಕು. ರಾಯಚೂರಿನ ಬಿಸಿಲು ಏಪ್ರಿಲ್-ಮೇ ತಿಂಗಳಾಗ 40 ಡಿಗ್ರಿ ದಾಟ್ತದ. ಹಳ್ಳಿಯಾಗ ರಕ್ತ ತೆಗೆದು ಬಸ್ಸಿಗೆ ಹಾಕಿ ಕಳಿಸಿದ್ರೆ ಸುಳ್ಳು ಕಡಿಮೆ ಸಂಖ್ಯೆ ಬರ್ತದ, ಆ ಒಂದು ಸಂಖ್ಯೆ ನೋಡಿ ಎಲ್ಲರೂ ಕೈಬಿಡ್ತಾರ. ಸ್ಯಾಂಪಲ್ ಕಳಿಸೋ ಬದಲಿಗೆ ರೋಗಿಯನ್ನೇ ಪ್ಲಾಸ್ಮಾ ಹೆಪ್ಪುಗಟ್ಟಿಸೋ ವ್ಯವಸ್ಥೆ ಇರೋ ಲ್ಯಾಬಿಗೆ ಕಳಿಸ್ರಿ. ಹೋಗೋ ಮೊದಲು ಫೋನ್ ಮಾಡಿ ಕೇಳ್ರಿ.

ಓದೋದು ಹಿಂಗ: ಮಿ.ಲೀ.ಗೆ 500 ಪಿಕೋಗ್ರಾಂ ದಾಟಿದ್ರೆ ಬಲವಾದ ಅನುಮಾನ, 1000 ದಾಟಿದ್ರೆ ಹೆಚ್ಚುಕಡಿಮೆ ಖಚಿತ. ಸಿರೋಸಿಸ್, ಕಿಡ್ನಿ ವೈಫಲ್ಯ, ಪ್ಯಾಂಕ್ರಿಯಾಟೈಟಿಸ್, ತೀವ್ರ ಸೋಂಕು ಇದ್ದೋರಿಗೂ ಏರ್ತದ, ಆದ್ರ ಸಾಮಾನ್ಯವಾಗಿ 500ರ ಕೆಳಗೇ ನಿಲ್ತದ. ಕೆಲವು ಲ್ಯಾಬ್‌ನೋರು ಲೀಟರಿಗೆ ಇಷ್ಟು ಪಿಕೋಮೋಲ್ ಅಂತ ಕೊಡ್ತಾರ, ಅದನ್ನ ಸುಮಾರು 3.5ರಿಂದ ಗುಣಿಸಬೇಕು. ಅಂದ್ರ 144 ಪಿಕೋಮೋಲ್ ಅಂದ್ರೂ 500 ಪಿಕೋಗ್ರಾಂ ಅಂದ್ರೂ ಒಂದೇ. ಘಟಕ ನೋಡದೆ "ಬರೀ 300" ಅಂತ ಸುಮ್ಮನಾಗಬಾರದು.

ಕ್ರೋಮೋಗ್ರಾನಿನ್ ಎ (ಇಂಥ ಹಾರ್ಮೋನು ಗಡ್ಡೆಗಳ ರಕ್ತದ ಗುರುತು) ಮಾಡ್ಸೋದಿದ್ರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಎರಡು ವಾರ ಮೊದಲೇ ನಿಲ್ಲಿಸ್ರಿ, ಆ ಗುಳಿಗೆಗಳೇ ಅದನ್ನ ಏರಿಸ್ತಾವ. ಸತುವಿನ ಮಟ್ಟಕ್ಕ ಟ್ರೇಸ್ ಎಲಿಮೆಂಟ್ ಟ್ಯೂಬೇ ಬೇಕು. ಸಾದಾ ಟ್ಯೂಬಿನ ರಬ್ಬರ್ ಮುಚ್ಚಳದಿಂದ ಸತುವು ಬೆರೀತದ, ರಕ್ತಕಣ ಒಡೆದ್ರೂ ಸುಳ್ಳು ಹೆಚ್ಚಳ.

ಪಿಎಚ್‌ಸಿ ವೈದ್ಯೆ, ಮಾನ್ವಿ ತಾಲ್ಲೂಕು

ಇಬ್ಬರಿಗೂ ಧನ್ಯವಾದ. ಇವತ್ತು ಮತ್ತೆ ನೋಡಿದೆ: ಲಾಡಿಯ ಗೆರೆಯಲ್ಲಿ ದದ್ದು ಇದೆ, ಕೈ ಮತ್ತು ಕೊರಳು ಸ್ವಚ್ಛ. ಆಲ್ಕಲೈನ್ ಫಾಸ್ಫಟೇಸ್ ಸಾಮಾನ್ಯ. ಹೊಸ ವಿಷಯ ಒಂದಿದೆ: ನಾಲ್ಕು ದಿನದಿಂದ ಎಡಗಾಲಿನ ಮೀನಖಂಡ ಬಾತಿದೆ, ಒತ್ತಿದರೆ ನೋವು. ಚರ್ಮ ಒಡೆದಿರುವುದರಿಂದ ಸೆಲ್ಯುಲೈಟಿಸ್ (ಚರ್ಮದಡಿಯ ಸೋಂಕು) ಎಂದು ಆಂಟಿಬಯಾಟಿಕ್ ಶುರು ಮಾಡುವ ಯೋಚನೆಯಲ್ಲಿದ್ದೇನೆ. ಜ್ವರ ಇಲ್ಲ.

ಹೊಟ್ಟೆ ಸರ್ಜರಿ, ಬಳ್ಳಾರಿ

ಮೇಡಂ, ಮೊದಲು ಕಾಲು. ಜ್ವರವಿಲ್ಲದೆ ಒಂದೇ ಕಾಲು ಬಾತಿದ್ದರೆ, ಈ ಹಿನ್ನೆಲೆಯಲ್ಲಿ ಅದು ಬೇರೆ ಎಂದು ಸಾಬೀತಾಗುವವರೆಗೆ ಆಳದ ರಕ್ತನಾಳದ ಹೆಪ್ಪು. ಗ್ಲುಕಗೊನೋಮಾ ಇರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರವರೆಗೆ ಇದು ಕಾಣುತ್ತದೆ. ಗಡ್ಡೆಗಿಂತ ಮೊದಲು ಜೀವ ತೆಗೆಯುವುದು ಈ ಹೆಪ್ಪು ಶ್ವಾಸಕೋಶಕ್ಕೆ ಹೋದರೆ. ಇವತ್ತೇ ರಾಯಚೂರು ರಿಮ್ಸ್‌ಗೆ ಕಳಿಸಿ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಿ. ಮೀನಖಂಡವನ್ನು ಯಾರೂ ತಿಕ್ಕಬಾರದು, ಎಣ್ಣೆ ಹಚ್ಚಿ ನೀವುವುದು ಬೇಡ ಎಂದು ಮನೆಯವರಿಗೆ ಬಿಡಿಸಿ ಹೇಳಿ. ಉಸಿರು ಕಟ್ಟುವುದು, ಎದೆನೋವು, ಆಮ್ಲಜನಕ 94ಕ್ಕಿಂತ ಕಡಿಮೆ ಇದ್ದರೆ 108ರಲ್ಲೇ ಹೋಗಬೇಕು.

ಡಾಪ್ಲರ್ ತಡವಾಗುವುದಾದರೆ, ಕ್ರಿಯೇಟಿನಿನ್ ಸರಿಯಿದ್ದು ರಕ್ತಸ್ರಾವದ ಲಕ್ಷಣ ಇಲ್ಲದಿದ್ದರೆ ಎನಾಕ್ಸಪಾರಿನ್ (ಹೆಪ್ಪು ಬೆಳೆಯದಂತೆ ತಡೆಯುವ ಇಂಜೆಕ್ಷನ್) ಕೆ.ಜಿ.ಗೆ 1 ಮಿ.ಗ್ರಾಂ, 12 ಗಂಟೆಗೊಮ್ಮೆ, ಚರ್ಮದಡಿ. 47 ಕೆ.ಜಿ.ಗೆ 40 ಕಡಿಮೆ, 60 ಹೆಚ್ಚು. 60ರ ಸಿರಿಂಜಿನಲ್ಲಿ 0.6 ಮಿ.ಲೀ. ಇರುತ್ತದೆ, 0.1 ಹೊರಹಾಕಿದರೆ 50 ಉಳಿಯುತ್ತದೆ. ಹೊಟ್ಟೆಯ ದದ್ದಿಲ್ಲದ ಜಾಗಕ್ಕೆ ಕೊಡಿ. ಬಯಾಪ್ಸಿಗೆ ಇದು ಅಡ್ಡಿಯಲ್ಲ, ಪಂಚ್ ಮಾಡಿದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಒತ್ತಿಹಿಡಿದು ಒಂದು ಹೊಲಿಗೆ ಹಾಕಿದರೆ ಸಾಕು.

ಸಿಟಿ ಬರೆಯುವಾಗ "ಹೊಟ್ಟೆ ಸಿಟಿ" ಎಂದಷ್ಟೇ ಬರೆದರೆ ಪೋರ್ಟಲ್ ಹಂತದ (ಕಾಂಟ್ರಾಸ್ಟ್ ಯಕೃತ್ತಿನ ಪೋರ್ಟಲ್ ರಕ್ತನಾಳ ತಲುಪಿದ ಮೇಲಿನ) ಒಂದೇ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಈ ಗಡ್ಡೆಗಳಿಗೆ ರಕ್ತ ಪೂರೈಕೆ ಜಾಸ್ತಿ, ಕಾಂಟ್ರಾಸ್ಟ್ ಕೊಟ್ಟ ಮೊದಲ ಹಂತದಲ್ಲಿ ಹೊಳೆದು ಆಮೇಲೆ ಸುತ್ತಲಿನ ಅಂಗಾಂಶದಲ್ಲಿ ಕರಗಿಹೋಗಬಹುದು. "ಮೇದೋಜೀರಕ ಪ್ರೋಟೋಕಾಲ್, ಅಪಧಮನಿ ಮತ್ತು ಪೋರ್ಟಲ್ ಎರಡೂ ಹಂತ, 3 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್, ಬಾಯಿಯಿಂದ ಬರೀ ನೀರು" ಎಂದು ಸ್ಪಷ್ಟವಾಗಿ ಬರೆಯಿರಿ. ಬಿಳಿ ಕಾಂಟ್ರಾಸ್ಟ್ ಕುಡಿಸಿದರೆ ಹೊಟ್ಟೆ, ಕರುಳಿನ ಹೊಳಪಿಗೆ ಪಕ್ಕದ ಗಡ್ಡೆ ಮಸುಕಾಗುತ್ತದೆ. ನೋಡಬೇಕಾದ್ದು ಬಾಲ, ಗುಲ್ಮದ ಪಕ್ಕದವರೆಗೆ. ಗ್ಲುಕಗೊನೋಮಾ ಹೆಚ್ಚಾಗಿ ಅಲ್ಲೇ ಇರುತ್ತದೆ, ನಿಮ್ಮ ಅಲ್ಟ್ರಾಸೌಂಡ್‌ನಲ್ಲಿ ಕಾಣದೇ ಹೋದದ್ದೂ ಅದೇ ಭಾಗ. ಸಮಾಧಾನದ ವಿಷಯವೆಂದರೆ ಪತ್ತೆಯಾಗುವ ಹೊತ್ತಿಗೆ ಗಡ್ಡೆ ಸಾಮಾನ್ಯವಾಗಿ 3 ಸೆಂ.ಮೀ. ದಾಟಿರುತ್ತದೆ, ಸರಿಯಾದ ಸಿಟಿಯಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ. ದುಃಖದ ವಿಷಯ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಆಗಲೇ ಯಕೃತ್ತಿಗೆ ಹರಡಿರುತ್ತದೆ. ಎಂಟು ತಿಂಗಳು ಕ್ರೀಮ್ ಹಚ್ಚಿ ಕಾದದ್ದರ ಬೆಲೆ ಇದು. ಅದಕ್ಕೇ ಈ ದದ್ದನ್ನು ಗುರುತಿಸುವ ಕಣ್ಣು ಪಿಎಚ್‌ಸಿಯಲ್ಲೇ ಇರಬೇಕು ಎಂದು ಬಲವಾಗಿ ನಂಬುತ್ತೇನೆ.

ಮುಂದಿನದು ದೊಡ್ಡ ಕೇಂದ್ರದಲ್ಲಿ: ಗ್ಯಾಲಿಯಂ ಡೋಟಾ ಪೆಟ್ ಸ್ಕ್ಯಾನ್ (ಇಂಥ ಗಡ್ಡೆ ಮೈಯಲ್ಲಿ ಎಲ್ಲೆಲ್ಲಿದೆ ಎಂದು ತೋರಿಸುವುದು), ಬೇರೆಡೆ ಹರಡಿಲ್ಲದಿದ್ದರೆ ಬಾಲವನ್ನು ಕತ್ತರಿಸಿ ತೆಗೆಯುವುದು. ಗುಲ್ಮವನ್ನೂ ತೆಗೆಯುವ ಸಾಧ್ಯತೆ ಇದ್ದರೆ ನ್ಯುಮೊಕಾಕಸ್, ಮೆನಿಂಗೊಕಾಕಸ್, ಹಿಬ್ ಲಸಿಕೆ ಎರಡು ವಾರ ಮೊದಲು. ಹರಡಿದ್ದರೂ ಕೈಚೆಲ್ಲುವ ರೋಗ ಇದಲ್ಲ. ಹೆಚ್ಚಿನವು ನಿಧಾನ ಬೆಳೆಯುತ್ತವೆ. ಗ್ಲುಕಗಾನ್ ಸುರಿಯುವುದನ್ನು ತಗ್ಗಿಸುವ ಆಕ್ಟ್ರಿಯೋಟೈಡ್ 50ರಿಂದ 100 ಮೈಕ್ರೋಗ್ರಾಂ ದಿನಕ್ಕೆ ಮೂರು ಸಲ ಶುರು ಮಾಡಿ, ಆಮೇಲೆ ನಾಲ್ಕು ವಾರಕ್ಕೊಮ್ಮೆ 20-30 ಮಿ.ಗ್ರಾಂ ಸೊಂಟದ ಇಂಜೆಕ್ಷನ್‌ಗೆ ಬದಲಿಸುತ್ತಾರೆ. ಬಹಳಷ್ಟು ರೋಗಿಗಳಲ್ಲಿ ಶುಗರಿಗಿಂತ ಮೊದಲು ದದ್ದು ಇಳಿಯುತ್ತದೆ. ಗ್ಲುಕಗಾನ್ ಸ್ಯಾಂಪಲ್ ತೆಗೆಯುವ ಮೊದಲು ಇದನ್ನು ಕೊಡಬೇಡಿ, ಸಂಖ್ಯೆ ತಗ್ಗಿಬಿಡುತ್ತದೆ. ಆಪರೇಷನ್‌ಗೆ ಮೊದಲು ಅಮೈನೋ ಆಮ್ಲದ ಡ್ರಿಪ್ ಕೊಟ್ಟರೆ ಚರ್ಮವೂ ಮೈಯೂ ಚೇತರಿಸಿಕೊಳ್ಳುತ್ತವೆ. ನೀವು ಈಗಿಂದಲೇ ದಿನಕ್ಕೆ ಎರಡು-ಮೂರು ಮೊಟ್ಟೆ, ಬೇಳೆ, ಹಾಲು ಸೇರಿಸಲು ಹೇಳಿ. "ಶುಗರ್ ಬಂದಿದೆ" ಎಂದು ಮನೆಯಲ್ಲಿ ಊಟ ಕಡಿಮೆ ಮಾಡಿಸಿರುತ್ತಾರೆ, ಅದನ್ನು ನಿಲ್ಲಿಸಬೇಕು.

ಮೆಡಿಕಲ್ ಶಾಪ್, ಗಂಗಾವತಿ

ನಮಸ್ಕಾರ ಸರ್. ಭತ್ತದ ಸೀಸನ್ನಿನಾಗ ದಿನಾ ತೊಡೆಸಂದಿ ತುರಿಕೆ ಅಂತ ಕ್ರೀಮ್ ಕೇಳಿಕೊಂಡು ಮಂದಿ ಬರ್ತಾರ. ಇವರಾಗ ಯಾರನ್ನ ಡಾಕ್ಟರ ಹತ್ರ ಕಳಿಸಬೇಕು? ಎಲ್ಲರಿಗೂ ಸ್ಕ್ಯಾನ್ ಅಂದ್ರೆ ಹೆದರಿಬಿಡ್ತಾರ. ಮೇದೋಜೀರಕದ ಕ್ಯಾನ್ಸರಿಗೆ ಚರ್ಮದ ಬೇರೆ ಗುರುತು ಅದಾವೇನು?

ಚರ್ಮರೋಗ, ಬಳ್ಳಾರಿ

ಅಣ್ಣಾ, ಎಲ್ಲರಿಗೂ ಸ್ಕ್ಯಾನ್ ಖಂಡಿತ ಬೇಡ. ಗ್ಲುಕಗೊನೋಮಾ ವರ್ಷಕ್ಕೆ ಎರಡು ಕೋಟಿ ಜನರಲ್ಲಿ ಒಬ್ಬರಿಗೆ ಎಂಬ ಅಂದಾಜಿದೆ. 2011ರ ಜನಗಣತಿಯ 6.1 ಕೋಟಿಗೆ ಲೆಕ್ಕ ಹಾಕಿದರೆ ಇಡೀ ಕರ್ನಾಟಕಕ್ಕೆ ವರ್ಷಕ್ಕೆ ಮೂರು ಜನ. ನಿಮ್ಮ ಅಂಗಡಿಗೆ ಬರುವವರದ್ದು ಗಜಕರ್ಣ, ನೀರಿನಲ್ಲಿ ನಿಂತು ಬೆವರಿ ಬಂದದ್ದು. ಅದು ವಿಪರೀತ ತುರಿಸುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೂ ಇರುತ್ತದೆ. ಅವರಿಗೆ ಸ್ಟೆರಾಯ್ಡ್ ಬೆರೆತ ಕ್ರೀಮ್ ಮಾತ್ರ ಕೊಡಬೇಡಿ. ಕೊಟ್ಟರೆ ಗಜಕರ್ಣದ ರೂಪವೇ ಕೆಟ್ಟು ಯಾರಿಗೂ ಗುರುತು ಸಿಗದ ಹಾಗಾಗುತ್ತದೆ, ನಿಜವಾದ ಅಪರೂಪದ ರೋಗಿ ಆ ಗುಂಪಿನಲ್ಲಿ ಮುಚ್ಚಿಹೋಗುತ್ತಾರೆ.

ಕೌಂಟರಿನಲ್ಲೇ ಮೂರು ಪ್ರಶ್ನೆ ಕೇಳಿ: ತೂಕ ಇಳಿದಿದೆಯೇ, ಹೊಸದಾಗಿ ಶುಗರ್ ಬಂದಿದೆಯೇ, ನಾಲಿಗೆ ಉರಿಯುತ್ತದೆಯೇ. ದದ್ದಿನ ಜೊತೆ ಇವುಗಳಲ್ಲಿ ಎರಡಕ್ಕೆ ಹೌದು ಎಂದರೆ ಕ್ರೀಮ್ ಕೊಡದೆ ಕಳಿಸಿ.

ಬೇರೆ ಗುರುತುಗಳಿವೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ದದ್ದೇ ಇಲ್ಲದ ಮೈತುಂಬಾ ತುರಿಕೆ, ಜೊತೆಗೆ ಕಣ್ಣು ಹಳದಿ, ಮೂತ್ರ ಕಡು ಕಂದು, ಮಲ ಸುಣ್ಣದ ಬಣ್ಣ, ಹೊಟ್ಟೆನೋವು ಇಲ್ಲ. ಮೇದೋಜೀರಕದ ತಲೆಯ ಗಡ್ಡೆ ಪಿತ್ತನಾಳವನ್ನು ಒತ್ತಿದಾಗ ಹೀಗಾಗುತ್ತದೆ. ಇಂಥವರು ಕಾಮಾಲೆಗೆ ನಾಟಿ ಔಷಧ ಹುಡುಕಿಕೊಂಡು ಹೋಗಿ ಆಪರೇಷನ್ ಆಗಬಹುದಾದ ವಾರಗಳನ್ನು ಕಳೆದುಕೊಳ್ಳುತ್ತಾರೆ. 50 ದಾಟಿದವರಿಗೆ ನೋವಿಲ್ಲದ ಕಾಮಾಲೆ ಬಂದರೆ ಅದೇ ವಾರ ಸ್ಕ್ಯಾನ್ ಆಗಬೇಕು.

ಇನ್ನೊಂದು ಮೊಣಕಾಲಿನ ಕೆಳಗೆ, ಹಿಮ್ಮಡಿಯ ಸುತ್ತ ಕೆಂಗಂದು ಬಣ್ಣದ ನೋಯುವ ಗಂಟುಗಳು, ಒಡೆದರೆ ಎಣ್ಣೆಯಂಥ ಕಂದು ದ್ರವ, ಜೊತೆಗೆ ಕೀಲು ಬಾವು. ಗಡ್ಡೆಯಿಂದ ಹೊರಬಿದ್ದ ಲೈಪೇಸ್ ಚರ್ಮದಡಿಯ ಕೊಬ್ಬನ್ನು ಕರಗಿಸುವುದರಿಂದ ಇದು ಬರುತ್ತದೆ. ರಕ್ತದ ಲೈಪೇಸ್ ಒಂದು ಪರೀಕ್ಷೆ ಸಾಕು, ಅದು ವಿಪರೀತ ಏರಿರುತ್ತದೆ. ಒಂದು ಕಡೆ ರಕ್ತನಾಳ ಹಗ್ಗದಂತೆ ಗಟ್ಟಿಯಾಗಿ ಇಳಿದು ಮತ್ತೊಂದು ಕಡೆ ಏಳುವುದನ್ನು ಫ್ರೆಂಚ್ ವೈದ್ಯ ಟ್ರೂಸೋ 1865ರಲ್ಲಿ ವಿವರಿಸಿದ. ಅದಕ್ಕೂ ಒಳಗಿನ ಗಡ್ಡೆ ಹುಡುಕಬೇಕು. ಆದರೆ ಮೇದೋಜೀರಕದ ಸಾಮಾನ್ಯ ಕ್ಯಾನ್ಸರ್ ಬಹುತೇಕ ಚರ್ಮದಲ್ಲಿ ಏನೂ ತೋರಿಸದೆಯೇ ಬೆಳೆಯುತ್ತದೆ. ಚರ್ಮ ಸ್ವಚ್ಛವಿದೆ ಎಂದು ಯಾರಿಗೂ ಧೈರ್ಯ ಹೇಳಬೇಡಿ.

ಮಾನ್ವಿ ಮೇಡಂ, ಅಲ್ಲಿಯವರೆಗೆ ದದ್ದಿಗೆ ದಿನಕ್ಕೆರಡು ಸಲ ಸಲೈನ್ ಬಟ್ಟೆ 15 ನಿಮಿಷ, ಆಮೇಲೆ ಬಿಳಿ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ. ಲಂಗದ ಲಾಡಿ ಬದಲು ಸಡಿಲ ನೈಟಿ. ಸ್ಟೆರಾಯ್ಡ್ ಪೂರ್ತಿ ಬಂದ್.

ಹೊಟ್ಟೆ ಸರ್ಜರಿ, ಬಳ್ಳಾರಿ

ರೆಫರಲ್ ಚೀಟಿ ಬಗ್ಗೆ ಒಂದು ಮಾತು ಉಳಿದಿತ್ತು. "ಚರ್ಮರೋಗ, ಮಧುಮೇಹ" ಎಂದು ಬರೆದರೆ ಒಪಿಡಿಯಲ್ಲಿ ಎರಡು ಬೇರೆ ಸಾಲುಗಳಿಗೆ ಕಳಿಸುತ್ತಾರೆ. ಮೊದಲ ಸಾಲಿನಲ್ಲೇ "ಗ್ಲುಕಗೊನೋಮಾ ಅನುಮಾನ, ಎಡಗಾಲಿನಲ್ಲಿ ಹೆಪ್ಪು ಅನುಮಾನ" ಎಂದು ಬರೆಯಿರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರವಾಗಿ ಬೆಂಗಳೂರಿಗೆ ಹೋದರೆ ತೊಡಕು, ಹಾಗಾಗಿ ರಿಮ್ಸ್ ಮೂಲಕವೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲಿ. ಜೊತೆಗೆ ಆಧಾರ್, ರೇಷನ್ ಕಾರ್ಡ್, ಸಿಟಿಯ ಫಿಲ್ಮ್ ಮಾತ್ರವಲ್ಲ ಸಿಡಿ ಕೂಡ, ಬಯಾಪ್ಸಿಯ ಸ್ಲೈಡ್ ಜೊತೆ ಮೇಣದ ಬ್ಲಾಕ್, ಮತ್ತು ದದ್ದು ಜೋರಾಗಿ ಎದ್ದ ದಿನದ ಮೊಬೈಲ್ ಫೋಟೊ. ತಲುಪುವ ದಿನ ದದ್ದು ಮಾಯುವ ಹಂತದಲ್ಲಿದ್ದರೆ ಅಲ್ಲಿನವರಿಗೆ ತೋರಿಸಲು ಆ ಫೋಟೊ ಒಂದೇ ಇರುತ್ತದೆ. ದಿನಾಂಕ ಕಾಣುವಂತೆ ತೆಗೆಯಿರಿ.